ಪ್ರಶ್ನಾವಳಿಯ ಪ್ರಾಮಾಣ್ಯ: ಶಿಕ್ಷಣ ಸಂಶೋಧನೆಯ ಒಂದು ರೂಢಿಯ ವಿಮರ್ಶೆ

1

ನಿಜಾಮರ ಆಳಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸಿದ ಬಗೆಯನ್ನು ಈ ಭಾಗದ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಅಂದು ಯಾವನಾದರೊಬ್ಬ ತನಿಖೆಗಾರನು ಬೀದಿಯಲ್ಲಿ ನಿಂತು ಬೋರ್ಡನ್ನು ಓದಿ ಇದು ಉರ್ದು ಶಾಲೆಯೆಂದು ಬರೆದುಕೊಂಡಿದ್ದರೆ, ಮರುವರ್ಷ ಬಂದ ಇನ್ನೊಬ್ಬನೂ ಹಾಗೆಯೇ ಬರೆದುಕೊಳ್ಳುತ್ತಿದ್ದನು. ಇಬ್ಬರ ವರದಿಗಳೂ ಚೆನ್ನಾಗಿ ಹೊಂದುತ್ತಿದ್ದವು. ಆ ಹೊಂದಾಣಿಕೆ ಬೋರ್ಡಿನ ಮಟ್ಟಿಗೆ ನಿಜ. ಪಾಠದ ಮಟ್ಟಿಗೆ ಅದರಿಂದ ಏನೂ ತಿಳಿಯದು. ಪಾಠವನ್ನು ತಿಳಿಯಬೇಕಾದವನು ಹೊಸ್ತಿಲು ದಾಟಿ ಒಳಗೆ ಕೂಡಬೇಕಾಗಿದ್ದಿತು.

ಈ ಸಂಗತಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಶಿಕ್ಷಣಶಾಸ್ತ್ರದ ಪ್ರಬಂಧಗಳಲ್ಲಿ ಒಂದು ರೂಢಿ ನೆಲೆಗೊಂಡಿದೆ. ಸಂಶೋಧಕನು ಕಲಿಕೆಯ ಪ್ರೇರಣೆ, ಆತ್ಮವಿಶ್ವಾಸ, ಅಧ್ಯಾಪಕರ ಬೆಂಬಲ ಮೊದಲಾದ ವಿಷಯಗಳ ಮೇಲೆ ನಲವತ್ತೋ ಐವತ್ತೋ ವಾಕ್ಯಗಳ ಪ್ರಶ್ನಾವಳಿಯನ್ನು ಸಿದ್ಧಪಡಿಸುತ್ತಾನೆ. ಬಹುಶಃ ಇಂಗ್ಲಿಷಿನಿಂದ ಅನುವಾದಿಸುತ್ತಾನೆ. ಮುನ್ನೂರು ವಿದ್ಯಾರ್ಥಿಗಳಿಂದ ಅದನ್ನು ತುಂಬಿಸುತ್ತಾನೆ. ಉತ್ತರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ ರಚನಾತ್ಮಕ ಸಮೀಕರಣ ಮಾದರಿಯೆಂಬ ಪದ್ಧತಿಯಿಂದ ಪರಿಶೀಲಿಸುತ್ತಾನೆ. ಕೆಲವು ಸೂಚ್ಯಂಕಗಳು ನಿಯತವಾದ ಗೆರೆಯನ್ನು ದಾಟಿದೊಡನೆ ‘ಪ್ರಶ್ನಾವಳಿಯ ಸಪ್ರಮಾಣತೆ ಸಿದ್ಧವಾಯಿತು’ ಎಂಬ ವಾಕ್ಯ ಬೀಳುತ್ತದೆ. ಮುಂದಿನ ಅಧ್ಯಾಯಗಳೆಲ್ಲ ಆ ಒಂದು ವಾಕ್ಯದ ಮೇಲೆ ನಿಲ್ಲುತ್ತವೆ.

ಇತಿಹಾಸದ ಅಧ್ಯಾಪಕನಾದ ನಾನು ಈ ವಿಷಯದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ತುಂಬಿದ ಪ್ರಶ್ನಾವಳಿಯೆಂಬುದು ಒಂದು ದಾಖಲೆ. ಅದರೊಳಗಿನ ಉತ್ತರವು ಒಬ್ಬ ಸಾಕ್ಷಿಯ ಹೇಳಿಕೆ. ದಾಖಲೆಯನ್ನೂ ಸಾಕ್ಷಿಯನ್ನೂ ಪರೀಕ್ಷಿಸುವುದೇ ನಮ್ಮ ಶಾಸ್ತ್ರದ ನಿತ್ಯದ ಕೆಲಸ. ಫ್ರಾನ್ಸಿನ ಲಾಂಗ್ಲ್ವಾ ಮತ್ತು ಸೆನ್ಯೋಬೊ ಎಂಬ ವಿದ್ವಾಂಸರು 1898ರಷ್ಟು ಹಿಂದೆಯೇ ಈ ಪರೀಕ್ಷೆಯನ್ನು ಬಾಹ್ಯ ವಿಮರ್ಶೆ, ಅಂತರಂಗ ವಿಮರ್ಶೆ ಎಂದು ವಿಂಗಡಿಸಿ ತೋರಿಸಿದರು. ಆ ಕಣ್ಣಿನಿಂದ ನೋಡಿದಾಗ ಈ ಹೊಸ ರೂಢಿಯಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಪದ್ಧತಿಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಇದರ ಮೂಲಗಳು ಎರಡು. 1904ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಎಂಬವನು ಶಾಲಾಮಕ್ಕಳ ಬೇರೆ ಬೇರೆ ವಿಷಯಗಳ ಸಾಧನೆಗಳು ಒಂದರೊಡನೊಂದು ಏರಿಳಿಯುವುದನ್ನು ಗಮನಿಸಿ, ಅವುಗಳ ಹಿಂದೆ ಕಣ್ಣಿಗೆ ಕಾಣದ ಒಂದು ಸಾಮಾನ್ಯ ಸಾಮರ್ಥ್ಯವಿರಬೇಕೆಂದು ಊಹಿಸಿದನು. ಅಂಶ ವಿಶ್ಲೇಷಣೆಯ ಮೊದಲು ಇದು. 1921ರಲ್ಲಿ ಅಮೆರಿಕದ ತಳಿಶಾಸ್ತ್ರಜ್ಞ ಸ್ಯೂವಲ್ ರೈಟ್ ಎಂಬವನು ಕಾರ್ಯಕಾರಣ ಸಂಬಂಧಗಳನ್ನು ಬಾಣಗಳಿಂದ ಗುರುತಿಸಿ ಸಹಸಂಬಂಧಗಳನ್ನು ಬಿಡಿಸುವ ಪಥ ವಿಶ್ಲೇಷಣೆಯನ್ನು ವಿವರಿಸಿದನು. ಸ್ವೀಡನ್ನಿನ ಕಾರ್ಲ್ ಯೋರೆಸ್ಕೋಗ್ 1969ರಿಂದ ಮೊದಲ್ಗೊಂಡು ಪ್ರಕಟಿಸಿದ ಲೇಖನಗಳಲ್ಲಿ ಈ ಎರಡು ಹೊಳೆಗಳೂ ಕೂಡಿದವು. ಆತನ ಲಿಸ್ರೆಲ್ ಎಂಬ ಗಣಕಕ್ರಮವು ಅದನ್ನು ಸಂಶೋಧಕರ ಕೈಗೆ ನೀಡಿತು. ಇಂದು ಲವಾನ್ ಎಂಬ ಉಚಿತ ಸಾಧನದಿಂದ ಭಾಲ್ಕಿಯ ವಿದ್ಯಾರ್ಥಿಯೂ ಕ್ಷಣಾರ್ಧದಲ್ಲಿ ಈ ಲೆಕ್ಕವನ್ನು ಮಾಡಬಲ್ಲನು.

ಪದ್ಧತಿಯ ತಿರುಳು ಇಷ್ಟು. ‘ಪ್ರೇರಣೆ’ ಎಂಬುದು ಕಣ್ಣಿಗೆ ಕಾಣದ, ಅವ್ಯಕ್ತವಾದ ಚರ. ಅದರಿಂದ ಐದು ವಾಕ್ಯಗಳ ಉತ್ತರಗಳು ಹುಟ್ಟುತ್ತವೆ. ‘ಅಧ್ಯಾಪಕರ ಬೆಂಬಲ’ ಎಂಬುದು ಇನ್ನೊಂದು. ಅದರಿಂದ ಬೇರೆ ಐದು ಉತ್ತರಗಳು ಹುಟ್ಟುತ್ತವೆ. ಹತ್ತು ವಾಕ್ಯಗಳ ನಡುವೆ ಒಟ್ಟು 55 ವಿಚಲನೆ ಹಾಗೂ ಸಹವಿಚಲನೆಗಳು ದೊರೆಯುತ್ತವೆ. ಸಂಶೋಧಕನ ಮಾದರಿಯು ಹತ್ತು ಅಂಶಭಾರಗಳು, ಹತ್ತು ದೋಷಗಳು, ಎರಡು ಅವ್ಯಕ್ತಗಳ ನಡುವಣ ಒಂದು ಸಹಸಂಬಂಧ, ಹೀಗೆ 21 ಸಂಖ್ಯೆಗಳಿಂದ ಆ 55ನ್ನೂ ಮರಳಿ ಕಟ್ಟಿಕೊಡಬೇಕು. ಮಿಕ್ಕ 34 ಮಾದರಿಯ ಸ್ವಾತಂತ್ರ್ಯಾಂಶಗಳು. ಮಾದರಿ ಸೋಲುವುದಕ್ಕೆ ಇರುವ ಅವಕಾಶ ಇದರಲ್ಲಿಯೇ. ಕಟ್ಟಿಕೊಟ್ಟದ್ದಕ್ಕೂ ದೊರೆತದ್ದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಹೊಂದಾಣಿಕೆಯ ಸೂಚ್ಯಂಕಗಳು ತಿಳಿಸುತ್ತವೆ.

ಈ ಪದ್ಧತಿಯ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದನೆಯದಾಗಿ, ಯಾವ ಅಳತೆಯಲ್ಲಿಯೂ ದೋಷವಿರುತ್ತದೆಂದು ಇದು ಒಪ್ಪಿಕೊಂಡೇ ಮುಂದುವರಿಯುತ್ತದೆ. ಎರಡನೆಯದಾಗಿ, ಯಾವ ವಾಕ್ಯ ಯಾವುದಕ್ಕೆ ಸೇರಿದ್ದೆಂಬುದನ್ನು ಸಂಶೋಧಕನು ಮೊದಲೇ ಹೇಳಿ, ಅಂಕಿಗಳು ಅದನ್ನು ನಿರಾಕರಿಸಲು ಎಡೆಮಾಡಿಕೊಡಬೇಕಾಗುತ್ತದೆ. ಅಂಕಗಳನ್ನು ಬರಿದೆ ಕೂಡಿ ಸರಾಸರಿ ಹಾಕುವ ಹಳೆಯ ವಾಡಿಕೆಗಿಂತ ಇದು ಎಷ್ಟೋ ಮೇಲು. ಆಕ್ಷೇಪವಿರುವುದು ಪದ್ಧತಿಯ ಮೇಲಲ್ಲ, ಅದರಿಂದ ಹೊರಡಿಸುವ ತೀರ್ಪಿನ ಮೇಲೆ.

3

ಸೂಚ್ಯಂಕಗಳ ಗೆರೆಗಳು ಎಲ್ಲಿಂದ ಬಂದವು? ಸಿ.ಎಫ್.ಐ. 0.95ರ ಸಮೀಪ ಇಲ್ಲವೆ ಅದಕ್ಕೆ ಮೇಲಿರಬೇಕು, ಆರ್.ಎಂ.ಎಸ್.ಇ.ಎ. 0.06ರ ಸಮೀಪ ಇಲ್ಲವೆ ಅದಕ್ಕೆ ಕೆಳಗಿರಬೇಕು ಎಂಬ ಸಂಖ್ಯೆಗಳನ್ನು ಹು ಮತ್ತು ಬೆಂಟ್ಲರ್ ಎಂಬ ವಿದ್ವಾಂಸರು 1999ರಲ್ಲಿ ಸೂಚಿಸಿದರು. ಅವು ಗಣಕಯಂತ್ರದಲ್ಲಿ ಕೃತಕವಾಗಿ ಸೃಷ್ಟಿಸಿದ ಕೆಲವು ನಿರ್ದಿಷ್ಟ ಮಾದರಿಗಳ ಪರೀಕ್ಷೆಯಿಂದ ಬಂದವು. ಆ ಗೆರೆಗಳನ್ನು ಎಲ್ಲ ಸಂದರ್ಭಗಳಿಗೂ ಸಲ್ಲುವ ಸುವರ್ಣ ನಿಯಮಗಳೆಂದು ಬಗೆಯಬಾರದೆಂದು ಮಾರ್ಷ್ ಮತ್ತು ಸಂಗಡಿಗರು 2004ರಲ್ಲಿಯೇ ಎಚ್ಚರಿಸಿದ್ದಾರೆ. ನಮ್ಮ ಪ್ರಬಂಧಗಳಲ್ಲಿ ಗೆರೆ ಉಳಿದಿದೆ, ಎಚ್ಚರಿಕೆ ಉದುರಿಹೋಗಿದೆ.

ಇದರೊಡನೆ ಕ್ರೋನ್‌ಬಾಕ್‌ನ ಆಲ್ಫಾ ಎಂಬ ವಿಶ್ವಸನೀಯತೆಯ ಅಂಕಿಯನ್ನು ಕೊಡುವುದುಂಟು. 1951ರಲ್ಲಿ ಪ್ರಚಾರಕ್ಕೆ ಬಂದ ಈ ಅಂಕಿ 0.8ಕ್ಕೆ ಮೇಲಿದ್ದರೆ ಪ್ರಶ್ನಾವಳಿ ಉತ್ತಮವೆಂದು ಹೇಳಲಾಗುತ್ತದೆ. ಒಂದು ಸಣ್ಣ ಲೆಕ್ಕವನ್ನು ನೋಡಬಹುದು. ಹತ್ತು ವಾಕ್ಯಗಳ ನಡುವಣ ಸರಾಸರಿ ಸಹಸಂಬಂಧವು 0.3 ಇದ್ದರೆ ಆಲ್ಫಾ 0.81 ಆಗುತ್ತದೆ. ಸಹಸಂಬಂಧವು 0.2ಕ್ಕೆ ಇಳಿದರೂ ವಾಕ್ಯಗಳನ್ನು ಇಪ್ಪತ್ತಕ್ಕೆ ಏರಿಸಿದರೆ ಆಲ್ಫಾ 0.83 ಬರುತ್ತದೆ. ಅಂದರೆ ವಾಕ್ಯಗಳ ನಡುವಣ ನಂಟು ಸಡಿಲವಾದರೂ ಪ್ರಶ್ನಾವಳಿಯನ್ನು ಉದ್ದ ಮಾಡಿದ ಮಾತ್ರಕ್ಕೆ ಅಂಕಿ ಏರಿತು.

ಇನ್ನೊಂದು ದೋಷವಿದೆ. ಮಾದರಿ ಹೊಂದದಿದ್ದಾಗ ಎಲ್ಲಿ ತಿದ್ದಿದರೆ ಹೊಂದೀತೆಂದು ಯಂತ್ರವೇ ಸೂಚಿಸುತ್ತದೆ. ಸಂಶೋಧಕನು ಎರಡು ದೋಷಗಳನ್ನು ಒಂದಕ್ಕೊಂದು ಜೋಡಿಸುತ್ತಾನೆ, ಒಗ್ಗದ ವಾಕ್ಯವನ್ನು ಕಿತ್ತೊಗೆಯುತ್ತಾನೆ, ಮತ್ತೆ ಪರೀಕ್ಷಿಸುತ್ತಾನೆ. ಕೊನೆಗೆ ಮಾದರಿ ಹೊಂದುತ್ತದೆ. ಇದು ಆರೋಪಿಯ ಹೇಳಿಕೆಯನ್ನು ಕೇಳಿದ ಮೇಲೆ ಆರೋಪಪಟ್ಟಿಯನ್ನು ತಿದ್ದಿದಂತೆ. ಹೀಗೆ ತಿದ್ದಿದ ಮಾದರಿಯು ಬೇರೊಂದು ಗುಂಪಿನ ಉತ್ತರಗಳ ಮೇಲೆ ನಿಲ್ಲದೆಹೋಗಬಹುದೆಂದು ಮ್ಯಾಕ್‌ಕ್ಯಾಲಮ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ತಿದ್ದುವುದು ಅಪರಾಧವಲ್ಲ. ತಿದ್ದಿದ್ದನ್ನು ಹೇಳದಿರುವುದು, ಹೊಸ ಗುಂಪಿನ ಮೇಲೆ ಪರೀಕ್ಷಿಸದಿರುವುದು, ಇವು ಅಪರಾಧ.

4

ಈಗ ಸಾಕ್ಷಿಗಳ ವಿಷಯಕ್ಕೆ ಬರೋಣ. ಅಂಶ ವಿಶ್ಲೇಷಣೆಯ ಬಲವೆಲ್ಲ ಉತ್ತರಗಳ ಪರಸ್ಪರ ಒಮ್ಮತದಲ್ಲಿದೆ. ಆದರೆ ಒಮ್ಮತಕ್ಕೆ ಬೆಲೆ ಬರುವುದು ಸಾಕ್ಷಿಗಳು ಸ್ವತಂತ್ರರಾಗಿದ್ದಾಗ ಮಾತ್ರ. ಕರ್ನಾಟಕದ ಇತಿಹಾಸದಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ತಲಕಾಡಿನ ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳು ಹಲವು. ಅವುಗಳಲ್ಲಿ ವಂಶಾವಳಿಯು ಮತ್ತೆ ಮತ್ತೆ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಬರುತ್ತದೆ. ಆದರೂ ಜೆ. ಎಫ್. ಫ್ಲೀಟರು ಅವುಗಳಲ್ಲಿ ಬಹುಸಂಖ್ಯೆಯವನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು; ಬಿ. ಎಲ್. ರೈಸರು ಅವುಗಳ ಪರವಾಗಿ ವಾದಿಸಿದರು. ಆ ವಾದದ ಇತ್ಯರ್ಥ ಇಲ್ಲಿ ನಮಗೆ ಬೇಡ. ಗಮನಿಸತಕ್ಕ ಅಂಶ ಒಂದೇ: ಪಟಗಳು ಒಂದನ್ನೊಂದು ಹೋಲುತ್ತವೆಯೆಂಬ ಮಾತ್ರದಿಂದ ಪ್ರಶ್ನೆ ಮುಗಿಯಲಿಲ್ಲ. ಒಂದರಿಂದ ಇನ್ನೊಂದು ನಕಲಾಗಿದ್ದರೂ ಹೋಲಿಕೆ ಬರುತ್ತದೆ. ಆದುದರಿಂದ ಲಿಪಿ, ತಿಥಿವಾರಗಳ ಗಣನೆ, ಇತರ ರಾಜವಂಶಗಳ ಶಾಸನಗಳು, ಹೀಗೆ ಹೊರಗಿನ ಆಧಾರಗಳನ್ನು ಹುಡುಕಬೇಕಾಯಿತು.

ತರಗತಿಯಲ್ಲಿ ತುಂಬಿದ ಪ್ರಶ್ನಾವಳಿಯ ಸ್ಥಿತಿಯೂ ಇದೇ. ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳಬಯಸುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ಕಾಲೇಜಿಗೆ ಒಬ್ಬ ಸಂಶೋಧಕರು ಬಂದರು. ನನ್ನ ತಾಸಿನ ಕೊನೆಯ ಕಾಲುಗಂಟೆಯನ್ನು ಕೇಳಿಕೊಂಡು 48 ವಾಕ್ಯಗಳ ಹಾಳೆಯನ್ನು ಹಂಚಿದರು. ‘ಸಂಪೂರ್ಣ ಒಪ್ಪುತ್ತೇನೆ’ ಎಂಬಲ್ಲಿಂದ ‘ಸಂಪೂರ್ಣ ಒಪ್ಪುವುದಿಲ್ಲ’ ಎಂಬಲ್ಲಿಯವರೆಗೆ ಐದು ಮನೆಗಳು; 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಢಿಗೆ ತಂದ ಕ್ರಮ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಸರ್, ಇದಕ್ಕ ಮಾರ್ಕ್ಸ್ ಅವ ಏನ್ರಿ?” ಎಂದು ಕೇಳಿದನು. ಇಲ್ಲವೆಂದು ತಿಳಿದ ಮೇಲೆ ಹಾಳೆಗಳು ಬೇಗ ಬೇಗ ತುಂಬತೊಡಗಿದವು. ಹತ್ತು ನಿಮಿಷದೊಳಗೆ ಎಲ್ಲರದೂ ಮುಗಿಯಿತು. ನಾನು ಹಾಳೆಗಳನ್ನು ಕೂಡಿಸುವಾಗ ನೋಡಿದೆನು: ಕೆಲವರು ಮೇಲಿಂದ ಕೆಳಗಿನವರೆಗೆ ಒಂದೇ ಮನೆಯಲ್ಲಿ ಗುರುತು ಹಾಕಿದ್ದರು, ಅಕ್ಕಪಕ್ಕದಲ್ಲಿ ಕುಳಿತವರ ಹಾಳೆಗಳು ಅವಳಿಜವಳಿಯಂತಿದ್ದವು.

ಅದರಲ್ಲಿ ‘ನಾನು ಕಾಲೇಜಿನ ಗ್ರಂಥಾಲಯವನ್ನು ನಿಯತವಾಗಿ ಬಳಸುತ್ತೇನೆ’ ಎಂಬ ವಾಕ್ಯವಿದ್ದಿತು. ಬಹುಮಂದಿ ‘ಒಪ್ಪುತ್ತೇನೆ’ ಎಂದಿದ್ದರು. ಗ್ರಂಥಪಾಲಕರಿಲ್ಲದ ಕಾರಣ ಆ ವರ್ಷ ಗ್ರಂಥಾಲಯದ ಬಾಗಿಲು ಬಹುತೇಕ ಮುಚ್ಚಿಯೇ ಇದ್ದಿತು. ಹೀಗೇಕೆ ಬರೆದಿರೆಂದು ಮರುದಿನ ಕೇಳಿದಾಗ ಒಬ್ಬ ವಿದ್ಯಾರ್ಥಿನಿ, “ನಮ್ಮ ಕಾಲೇಜಿನ ಹೆಸರು ಕೆಡಬಾರದಲ್ರಿ ಸರ್, ನೀವೂ ಅಲ್ಲೇ ನಿಂತಿದ್ರಿ” ಎಂದಳು. ಈ ಮಾತಿನ ದ್ವಿತೀಯಾರ್ಧವು ನನಗೆ ಇಂದಿಗೂ ನೆನಪಿದೆ. ಸಾಕ್ಷ್ಯವನ್ನು ಕೆಡಿಸಿದವರಲ್ಲಿ ಹಾಳೆಯ ಬಳಿ ನಿಂತಿದ್ದ ನಾನೂ ಒಬ್ಬನಾಗಿದ್ದೆನು. ಆ ಪ್ರಶ್ನಾವಳಿಯ ಹೊಂದಾಣಿಕೆ ಉತ್ತಮವಾಗಿ ಬಂದಿತೆಂದು ಅನಂತರ ತಿಳಿಯಿತು. ಅದರಲ್ಲಿ ಆಶ್ಚರ್ಯವಿಲ್ಲ. ಕೆಲವರು ಎಲ್ಲಕ್ಕೂ ‘ಒಪ್ಪುತ್ತೇನೆ’ ಎಂದು, ಕೆಲವರು ಎಲ್ಲಕ್ಕೂ ‘ತಟಸ್ಥ’ ಎಂದು ಗುರುತು ಹಾಕಿದಾಗ ವಾಕ್ಯಗಳ ನಡುವಣ ಸಹಸಂಬಂಧ ತಾನಾಗಿಯೇ ಏರುತ್ತದೆ. ಯಂತ್ರವು ಅದನ್ನು ‘ಪ್ರೇರಣೆ’ಯೆಂದು ಓದುತ್ತದೆ, ಅದು ಸಂಕೋಚವಿರಬಹುದು, ಅವಸರವಿರಬಹುದು.

ಸ್ವತಂತ್ರ ಸಾಕ್ಷಿಗಳ ಎಣಿಕೆಯಲ್ಲಿಯೂ ಮೋಸವಿದೆ. ಆರು ಕಾಲೇಜುಗಳಿಂದ ತಲಾ ಐವತ್ತರಂತೆ ಮುನ್ನೂರು ವಿದ್ಯಾರ್ಥಿಗಳನ್ನು ಆಯ್ದರೆ ಅವರು ಮುನ್ನೂರು ಬಿಡಿ ಸಾಕ್ಷಿಗಳಲ್ಲ. ಒಂದೇ ಕಾಲೇಜಿನವರು ಒಂದೇ ಅಧ್ಯಾಪಕರನ್ನು ಕಂಡವರು. ಒಳಗಿನ ಹೋಲಿಕೆಯ ಪ್ರಮಾಣವು 0.1 ಎಂದಿಟ್ಟುಕೊಂಡರೂ ಒಂದು ಸರಾಸರಿಯನ್ನು ಅಂದಾಜು ಮಾಡುವಲ್ಲಿ ವಿಚಲನೆಯು 5.9 ಪಟ್ಟು ಹಿಗ್ಗುತ್ತದೆ. ಮುನ್ನೂರು ಮಂದಿಯ ಬೆಲೆ ಸುಮಾರು 51 ಮಂದಿಗೆ ಇಳಿಯುತ್ತದೆ. ಸಮೀಕರಣ ಮಾದರಿಗಳಲ್ಲಿ ಈ ಗುಂಪುಗಟ್ಟುವಿಕೆಯನ್ನು ಲೆಕ್ಕಕ್ಕೆ ತರುವ ಬಹುಸ್ತರ ವಿಧಾನಗಳಿವೆ. ಪ್ರಬಂಧಗಳಲ್ಲಿ ಅವು ಕಾಣಸಿಗುವುದು ವಿರಳ.

5

ಬೀದರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದು ಭಾಷೆಯ ಮುಖ. ಭಾಲ್ಕಿ, ಔರಾದ ಕಡೆಯ ಒಂದು ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ತೆಲುಗು ಮಾತಿನವರೂ ಉಂಟು. ಇವರೆಲ್ಲರ ಕೈಗೆ ಒಂದೇ ಕನ್ನಡ ಹಾಳೆಯನ್ನು ಕೊಡುತ್ತೇವೆ. ಹಾಳೆ ಒಂದೇ, ಓದಿಕೊಳ್ಳುವ ಅರ್ಥ ಒಂದೇ ಎಂದು ಹೇಗೆ ಹೇಳುವುದು?

ಸಂಸ್ಕೃತದಿಂದ ಬಂದ ಶಬ್ದಗಳೇ ಇಲ್ಲಿ ಹೆಚ್ಚು ತೊಡಕು ತರುವವು, ಅವು ಎಲ್ಲರಿಗೂ ಪರಿಚಿತವೆಂದು ನಾವು ನಂಬಿರುವುದರಿಂದ. ‘ಅವಕಾಶ’ ಎಂದರೆ ಕನ್ನಡದಲ್ಲಿ ಅನುಕೂಲಸಂದರ್ಭ, ಮರಾಠಿಯಲ್ಲಿ ಬಿಡುವು, ತೆರಪು, ಹಿಂದಿಯಲ್ಲಿ ರಜೆ. ಕನ್ನಡದ ‘ಅವಕಾಶ’ಕ್ಕೆ ಮರಾಠಿಯವರು ‘ಸಂಧಿ’ ಎನ್ನುತ್ತಾರೆ. ನಮಗೆ ಅದು ವ್ಯಾಕರಣದ ಇಲ್ಲವೆ ರಾಜಕಾರಣದ ಮಾತು. ‘ಶಿಕ್ಷಾ’ ಎಂಬುದು ಹಿಂದಿಯಲ್ಲಿ ವಿದ್ಯೆ, ಮರಾಠಿಯಲ್ಲಿ ದಂಡನೆ. ಕನ್ನಡದ ‘ಉಪನ್ಯಾಸ’ ಹಿಂದಿಯಲ್ಲಿ ಕಾದಂಬರಿ. ‘ಅಭ್ಯಾಸ’ವೆಂದರೆ ಮೈಸೂರಿನ ಕಡೆಯ ಅನುವಾದಕನಿಗೆ ರೂಢಿ, ನಮ್ಮ ಭಾಗದ ಹುಡುಗನಿಗೆ, ಮರಾಠಿಯಲ್ಲಿ ಇರುವಂತೆ, ಓದುಬರಹ. ‘ತರಗತಿಯಲ್ಲಿ ನನಗೆ ಸಾಕಷ್ಟು ಅವಕಾಶ ದೊರೆಯುತ್ತದೆ’ ಎಂಬ ವಾಕ್ಯಕ್ಕೆ ಔರಾದದ ಮರಾಠಿ ಮನೆಯ ಹುಡುಗನೊಬ್ಬನು ‘ಒಪ್ಪುವುದಿಲ್ಲ’ ಎಂದು ಗುರುತು ಹಾಕಿದರೆ, ತನಗೆ ಮಾತನಾಡಲು ಬಿಡುವುದಿಲ್ಲವೆಂದು ಹೇಳುತ್ತಿರುವನೋ, ತನಗೆ ಬಿಡುವಿಲ್ಲವೆಂದು ಹೇಳುತ್ತಿರುವನೋ ಹಾಳೆಯಿಂದ ತಿಳಿಯದು. ಶುದ್ಧ ಕನ್ನಡದ ವಾಕ್ಯಗಳಲ್ಲಿಯೂ ಗೊಂದಲವುಂಟು. ‘ಅಧ್ಯಾಪಕರು ಪ್ರಶ್ನೆ ಕೇಳಲು ಪ್ರೋತ್ಸಾಹಿಸುತ್ತಾರೆ’ ಎಂಬಲ್ಲಿ ಕೇಳುವವನು ಯಾರು? ತರಗತಿಯಲ್ಲಿ ಪ್ರಶ್ನೆ ಕೇಳುವುದು ಗುರುಗಳ ಕೆಲಸವೆಂದೇ ಬೆಳೆದ ಮಗು ಇದನ್ನು ಬೇರೆಯಾಗಿ ಓದುವುದು ಸಹಜ.

ಇದು ಹೊಸ ಸಮಸ್ಯೆಯಲ್ಲ. ಫ್ರಾನ್ಸಿನ ಬಿನೆಯು 1905ರಲ್ಲಿ ರಚಿಸಿದ ಬುದ್ಧಿಪರೀಕ್ಷೆಯನ್ನು ಟರ್ಮನ್ 1916ರಲ್ಲಿ ಅಮೆರಿಕಕ್ಕೆ ಒಗ್ಗಿಸಿದನು. ಅದನ್ನು ಮುಂಬಯಿ ಕರ್ನಾಟಕದ ಮಕ್ಕಳಿಗೆ ಒಗ್ಗಿಸುವ ಕೆಲಸವನ್ನು ಡಾ. ವಿ. ವಿ. ಕಾಮತರು 1930ರ ದಶಕದಲ್ಲಿ ಕೈಗೊಂಡರು. ಅವರ ಗ್ರಂಥ 1940ರಲ್ಲಿ ಹೊರಬಂದಿತು. ಕಾಮತರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪರೀಕ್ಷೆಯನ್ನು ಸಿದ್ಧಪಡಿಸಿದರೆಂಬುದು ಇಲ್ಲಿ ಮುಖ್ಯ. ಎರಡು ಭಾಷೆಗಳ ನಾಡಿನಲ್ಲಿ ಒಂದೇ ಭಾಷೆಯ ಸಾಧನ ಸಾಲದೆಂಬುದನ್ನು ಅವರು ಗಣಕಯಂತ್ರದ ನೆರವಿಲ್ಲದೆಯೇ ಮನಗಂಡಿದ್ದರು. ಆ ಪರೀಕ್ಷೆಯು ಹಲವು ದಶಕಗಳ ಕಾಲ ಹಳೆಯ ಅಳತೆಗೋಲಿನಿಂದಲೇ ಬಳಕೆಯಲ್ಲಿ ಉಳಿದುದು ಬೇರೆ ದೋಷ. ಆದರೆ ಆ ದೋಷ ಬಳಸಿದವರದು.

ಸಮೀಕರಣ ಮಾದರಿಯ ನಿಜವಾದ ಉಪಯೋಗವು ಇಲ್ಲಿಯೇ ಇದೆ. ಮಾಪನ ಸಮಾನತೆಯ ಪರೀಕ್ಷೆಯೆಂದು ಅದಕ್ಕೆ ಹೆಸರು. ಅದಕ್ಕೆ ಮೂರು ಮೆಟ್ಟಿಲುಗಳು. ಮೊದಲು, ಕನ್ನಡ ಮನೆಯ ಮಕ್ಕಳಲ್ಲಿಯೂ ಮರಾಠಿ ಮನೆಯ ಮಕ್ಕಳಲ್ಲಿಯೂ ವಾಕ್ಯಗಳು ಒಂದೇ ಗುಂಪುಗಳಾಗಿ ಕೂಡುತ್ತವೆಯೇ ಎಂದು ನೋಡಬೇಕು. ಎರಡನೆಯದಾಗಿ, ಅಂಶಭಾರಗಳು ಸಮವೇ ಎಂದು ನೋಡಬೇಕು. ಮೂರನೆಯದಾಗಿ, ಪ್ರತಿ ವಾಕ್ಯದ ಆರಂಭಬಿಂದುವೂ ಸಮವೇ ಎಂದು ನೋಡಬೇಕು; ಅಂದರೆ, ಪ್ರೇರಣೆಯ ಮಟ್ಟ ಒಂದೇ ಆಗಿರುವ ಇಬ್ಬರು ಮಕ್ಕಳು, ಅವರ ಮನೆಮಾತು ಯಾವುದಿದ್ದರೂ, ಆ ವಾಕ್ಯಕ್ಕೆ ಸರಾಸರಿಯಲ್ಲಿ ಒಂದೇ ಉತ್ತರ ಕೊಡುವರೇ ಎಂದು. ಈ ಮೂರನೆಯ ಮೆಟ್ಟಿಲನ್ನು ಏರದೆ ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಹಕ್ಕು ಯಾರಿಗೂ ಇಲ್ಲ. ಬೇರೆಡೆಗಳಲ್ಲಿ ಇದು ಸಾಮಾನ್ಯ ವಾಡಿಕೆ. ಇದರ ಅಗತ್ಯ ಹೆಚ್ಚಾಗಿರುವ ನಮ್ಮಲ್ಲಿ ಇದು ಅಪರೂಪ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ‘ನಿನ್ನ ಮಾತೃಭಾಷೆ ಯಾವುದು?’ ಎಂಬ ಪ್ರಶ್ನೆಯೇ ನಿರಪಾಯವಾದದ್ದಲ್ಲ. ಪಂಜಾಬಿನಲ್ಲಿ ಈ ಪ್ರಶ್ನೆಯ ಉತ್ತರವು ಆಡುನುಡಿಯ ಸೂಚನೆಯಾಗಿ ಉಳಿಯದೆ ರಾಜಕೀಯ ನಿಲುವಾದ ಕಾರಣ, 1951ರ ಜನಗಣತಿಯಲ್ಲಿ ಅಲ್ಲಿಯ ಹಿಂದಿ, ಪಂಜಾಬಿ ಮೊದಲಾದ ಭಾಷೆಗಳ ಅಂಕಿಗಳನ್ನು ಬೇರ್ಪಡಿಸದೆ ಒಟ್ಟುಗೂಡಿಸಿ ಕೊಡಬೇಕಾಯಿತು. ನಮ್ಮ ಜಿಲ್ಲೆಯೂ ಈ ಪ್ರಶ್ನೆಯ ಬಿಸಿಯನ್ನು ಕಂಡದ್ದೇ. 1955ರ ರಾಜ್ಯಪುನರ್ವಿಂಗಡಣಾ ಆಯೋಗವು ಬೀದರ ಜಿಲ್ಲೆಯನ್ನು ಉಳಿದ ಹೈದರಾಬಾದು ರಾಜ್ಯದಲ್ಲಿಯೇ ಇರಿಸಲು ಸಲಹೆ ಮಾಡಿದರೂ, 1956ರಲ್ಲಿ ಅದು ಭಾಷಾನುಗುಣವಾಗಿ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಆದಕಾರಣ ಮಾತೃಭಾಷೆಯ ಹೆಸರನ್ನು ಕೇಳುವುದಕ್ಕಿಂತ, ಅವ್ವನೊಡನೆ ಯಾವ ಮಾತು, ಗೆಳೆಯರೊಡನೆ ಯಾವ ಮಾತು, ಸಂತೆಯಲ್ಲಿ ಯಾವ ಮಾತು ಎಂದು ಬಿಡಿಸಿ ಕೇಳುವುದು ಲೇಸು.

6

ಇನ್ನು ಅವ್ಯಕ್ತಕ್ಕೆ ಇಡುವ ಹೆಸರಿನ ವಿಚಾರ. ಐದು ಉತ್ತರಗಳು ಕೂಡಿ ಏರಿಳಿಯುತ್ತವೆಂಬುದನ್ನು ಯಂತ್ರ ಹೇಳಬಲ್ಲದು. ಅದಕ್ಕೆ ‘ಪ್ರೇರಣೆ’ ಎಂಬ ಹೆಸರು ಸಂಶೋಧಕನು ಕೊಟ್ಟದ್ದು. ಬೋರ್ಡನ್ನು ತೂಗುಹಾಕಿದವನು ಅವನು. ಬಾಣದ ದಿಕ್ಕಿನಲ್ಲಿಯೂ ಹೀಗೆಯೇ. ಅಧ್ಯಾಪಕರ ಬೆಂಬಲದಿಂದ ಪ್ರೇರಣೆ ಹುಟ್ಟುತ್ತದೆಯೆಂದು ಬಾಣ ಬರೆದರೂ, ಪ್ರೇರಣೆಯುಳ್ಳ ಮಗುವಿಗೆ ಅಧ್ಯಾಪಕರು ಬೆಂಬಲ ಕೊಡುತ್ತಾರೆಂದು ಬಾಣವನ್ನು ತಿರುಗಿಸಿದರೂ, ಮೇಲೆ ಹೇಳಿದ ಎರಡು ಅವ್ಯಕ್ತಗಳ ಮಾದರಿಯಲ್ಲಿ ಹೊಂದಾಣಿಕೆಯ ಸಂಖ್ಯೆ ಕೂದಲೆಳೆಯಷ್ಟೂ ಬದಲಾಗದು. ಒಂದೇ ದಿನ ಒಂದೇ ಹಾಳೆಯ ಮೇಲೆ ತೆಗೆದುಕೊಂಡ ಉತ್ತರಗಳಿಂದ ಮೊದಲು ಯಾವುದು, ಅನಂತರ ಯಾವುದು ಎಂಬ ಕಾಲಕ್ರಮವನ್ನು ಕಾಣುವುದು ಅಸಾಧ್ಯ. ಕಾಲಕ್ರಮವಿಲ್ಲದ ಕಾರ್ಯಕಾರಣವನ್ನು ಇತಿಹಾಸದ ವಿದ್ಯಾರ್ಥಿಯು ಒಪ್ಪಲಾರನು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಎಲ್ಲ ಅವ್ಯಕ್ತಗಳೂ ತಮ್ಮ ಗುರುತುಗಳನ್ನು ಹುಟ್ಟಿಸುವುದಿಲ್ಲ. ಕೆಲವು ತಮ್ಮ ಗುರುತುಗಳಿಂದಲೇ ಹುಟ್ಟುತ್ತವೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ 35 ಸೂಚಕಗಳ ಆಧಾರದಿಂದ ರಾಜ್ಯದ 175 ತಾಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು. ಆಸ್ಪತ್ರೆ, ರಸ್ತೆ, ಶಾಲೆಗಳ ಕೊರತೆಯೇ ಕೂಡಿ ಹಿಂದುಳಿದಿರುವಿಕೆಯೆನಿಸುತ್ತದೆಯೇ ಹೊರತು, ಹಿಂದುಳಿದಿರುವಿಕೆಯೆಂಬ ಒಂದು ಅದೃಶ್ಯ ವಸ್ತುವಿನಿಂದ ಅವು ಹುಟ್ಟಿದವೆಂದು ಆ ಲೆಕ್ಕವು ಹೇಳುವುದಿಲ್ಲ. ಅಲ್ಲಿ ರಸ್ತೆ ಚೆನ್ನಾಗಿದ್ದು ಆಸ್ಪತ್ರೆ ಇಲ್ಲದಿದ್ದರೆ ಅದು ಅಳತೆಯ ದೋಷವಲ್ಲ, ಊರಿನ ವಾಸ್ತವ. ಆದರೆ ನಮ್ಮ ಪ್ರಬಂಧಗಳಲ್ಲಿ ಜಮೀನು, ತಾಯಿಯ ಓದು, ಮನೆಯ ವಿದ್ಯುತ್ತು ಇವುಗಳನ್ನು ‘ಕುಟುಂಬದ ಸ್ಥಿತಿಗತಿ’ ಎಂಬ ಅವ್ಯಕ್ತದಿಂದ ಹುಟ್ಟಿದವೆಂದು ಬಗೆದು, ಒಂದಕ್ಕೊಂದು ಹೊಂದದ ಸೂಚಕವನ್ನು ಕಿತ್ತುಹಾಕುತ್ತಾರೆ. ಹೊಂದಲಿಲ್ಲವೆಂದು ತಾಯಿಯ ಓದನ್ನು ತೆಗೆದುಹಾಕಿದರೆ ಸೂಚ್ಯಂಕ ಏರೀತು. ಆ ಮಗುವಿನ ಜೀವನದ ಮುಖ್ಯವಾದ ಸಂಗತಿಯೊಂದು ದಾಖಲೆಯಿಂದ ಅಳಿಸಿಹೋಗುತ್ತದೆ.

7

ಹಾಗಾದರೆ ಮಾಡಬೇಕಾದುದೇನು? ಅಮೆರಿಕದ ಮೂರು ವಿದ್ವತ್ಸಂಸ್ಥೆಗಳು ಸೇರಿ 1999ರಲ್ಲಿಯೂ 2014ರಲ್ಲಿಯೂ ಹೊರಡಿಸಿದ ಮಾನದಂಡಗಳ ಗ್ರಂಥದಲ್ಲಿ ಸಪ್ರಮಾಣತೆಗೆ ಐದು ಬಗೆಯ ಆಧಾರಗಳನ್ನು ಹೇಳಿದೆ: ವಾಕ್ಯಗಳ ವಿಷಯ, ಉತ್ತರಿಸುವವನ ಮನೋವ್ಯಾಪಾರ, ಉತ್ತರಗಳ ಒಳರಚನೆ, ಹೊರಗಿನ ಅಳತೆಗಳೊಡನೆ ಸಂಬಂಧ, ಬಳಕೆಯ ಪರಿಣಾಮ. ಹೊಂದಾಣಿಕೆಯ ಸೂಚ್ಯಂಕಗಳು ಮುಖ್ಯವಾಗಿ ಈ ಐದರಲ್ಲಿ ಮೂರನೆಯದಕ್ಕೆ ಆಧಾರ. ಸಪ್ರಮಾಣತೆಯು ಪ್ರಶ್ನಾವಳಿಯ ಗುಣವಲ್ಲ, ಅದರಿಂದ ನಾವು ಹೊರಡಿಸುವ ಅರ್ಥದ ಗುಣ ಎಂಬುದೂ ಅಲ್ಲಿ ಸ್ಪಷ್ಟವಾಗಿದೆ. ಇದು ಇತಿಹಾಸಕಾರನಿಗೆ ಅಪರಿಚಿತವಾದ ಮಾತಲ್ಲ. ಒಂದೇ ಶಾಸನವು ದಾನಕ್ಕೆ ಸಾಕ್ಷಿಯಾಗಬಲ್ಲದು, ಯುದ್ಧಕ್ಕೆ ಆಗಲಾರದು.

ಈ ದೃಷ್ಟಿಯಿಂದ ಕೆಲವು ಸೂಚನೆಗಳನ್ನು ವಾಚಕರ ಮುಂದಿಡುತ್ತೇನೆ. ಪ್ರಶ್ನಾವಳಿಯನ್ನು ಮುದ್ರಿಸುವ ಮುನ್ನ ಬೇರೆ ಬೇರೆ ಮನೆಮಾತಿನ ಹತ್ತು ಹನ್ನೆರಡು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು, ‘ಈ ವಾಕ್ಯದಿಂದ ನಿನಗೆ ಏನು ತಿಳಿಯಿತು, ನಿನ್ನ ಮಾತಿನಲ್ಲಿ ಹೇಳು’ ಎಂದು ಕೇಳಿ ಬರೆದುಕೊಳ್ಳಬೇಕು. ಅನುವಾದವನ್ನು ಇಬ್ಬರು ಪ್ರತ್ಯೇಕವಾಗಿ ಮಾಡಿ, ಈ ಭಾಗದ ಒಬ್ಬ ಅಧ್ಯಾಪಕನ ಸಮಕ್ಷಮ ಸರಿಹೊಂದಿಸಬೇಕು. ತುಂಬಿಸುವಾಗ ಪಾಠ ಹೇಳುವವರು ಕೋಣೆಯಲ್ಲಿ ಇರಬಾರದು. ಮಾದರಿಯನ್ನು ತಿದ್ದಿದರೆ ತಿದ್ದಿದ್ದನ್ನೆಲ್ಲ ಬರೆದು ಹೊಸ ಗುಂಪಿನ ಮೇಲೆ ಪರೀಕ್ಷಿಸಬೇಕು. ಮನೆಮಾತಿನ ಗುಂಪುಗಳಲ್ಲಿ ಮಾಪನ ಸಮಾನತೆಯನ್ನು ನೋಡದೆ ಸರಾಸರಿಗಳನ್ನು ಹೋಲಿಸಬಾರದು. ಪ್ರಬಂಧದ ಕೊನೆಗೆ ಪ್ರಶ್ನಾವಳಿಯ ಪೂರ್ಣಪಾಠವನ್ನು ಕೊಡಬೇಕು. ಪಾಠವನ್ನು ಮುಚ್ಚಿಟ್ಟು ಶಾಸನದ ಅರ್ಥವನ್ನಷ್ಟೇ ಪ್ರಕಟಿಸಿದರೆ ಯಾವ ಶಾಸನಶಾಸ್ತ್ರಜ್ಞನೂ ಒಪ್ಪುವುದಿಲ್ಲ.

ಇದೆಲ್ಲ ಕೂದಲು ಸೀಳುವ ವಾದವೆಂದು ಯಾರಾದರೂ ಹೇಳಿದರೆ, ಅಂಥ ಪ್ರಬಂಧಗಳು ಎಲ್ಲಿಗೆ ಹೋಗುತ್ತವೆಂಬುದನ್ನು ಅವರು ಯೋಚಿಸಬೇಕು. ‘ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಕಲಿಕೆಯ ಪ್ರೇರಣೆ ಕಡಿಮೆ’ ಎಂಬ ಬಗೆಯ ತೀರ್ಮಾನ ಒಮ್ಮೆ ಅಚ್ಚಾದರೆ ಮುಂದಿನ ಸಂಶೋಧಕನು ಅದನ್ನು ಉದ್ಧರಿಸುತ್ತಾನೆ. ತರಬೇತಿಯ ಅಧ್ಯಾಪಕರು ಅದನ್ನು ಪಾಠದಲ್ಲಿ ಹೇಳುತ್ತಾರೆ. ಕೊನೆಗೆ ಅದು ಈ ಭಾಗದ ಮಗುವಿನ ಸ್ವಭಾವವೆಂದೇ ನಿಲ್ಲುತ್ತದೆ. ಒಂದು ಶಬ್ದವನ್ನು ಆ ಮಗು ಬೇರೆಯಾಗಿ ಓದಿಕೊಂಡಿತೆಂಬುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಕೊರತೆ ಮಗುವಿನಲ್ಲಿದೆಯೆಂದು ಬರೆದ ಮೇಲೆ ಗ್ರಂಥಪಾಲಕರನ್ನು ನೇಮಿಸುವ ಹೊಣೆಯೂ ಯಾರ ಮೇಲೂ ಬೀಳುವುದಿಲ್ಲ.

ನಾನು ಹೇಳಿದ ಆ ಕಾಲೇಜಿನಲ್ಲಿ ಗ್ರಂಥಾಲಯದ ಪುಸ್ತಕ ಕೊಟ್ಟ ವಹಿಯೊಂದು ಕಚೇರಿಯ ಕಪಾಟಿನಲ್ಲಿದ್ದಿತು. ಆ ವರ್ಷದ ಪುಟಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು. ಸಂಶೋಧಕರು ಅದನ್ನು ಕೇಳಲಿಲ್ಲ. ನಾನೂ ಅಂದು ಅದನ್ನು ತೋರಿಸಲಿಲ್ಲ. ಸಮೀಕರಣಗಳನ್ನು ಬಲ್ಲ ನಮ್ಮ ಶಿಕ್ಷಣಶಾಸ್ತ್ರದ ಮಿತ್ರರೂ ದಾಖಲೆಗಳನ್ನು ಬಲ್ಲ ಇತಿಹಾಸದ ಅಧ್ಯಾಪಕರೂ ಇನ್ನು ಮುಂದೆ ಇಂಥ ವಹಿಯನ್ನೂ ಪ್ರಶ್ನಾವಳಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಓದುವಂತಾದರೆ ಈ ವಿಮರ್ಶೆಯ ಉದ್ದೇಶ ಸಫಲವಾದಂತೆ.